ಇರಬೇಕೋ, ಹೋಗಬೇಕೋ

ಗಲ್ಫ್‌ನಲ್ಲಿ ನಾನು ಕೆಲಸಕ್ಕಿದ್ದ ಊರಿನ ಮದೀನತ್ ಖಲೀಫಾ ಬಡಾವಣೆಯ ಒಂದು ಮನೆಗೆ ಎ.ಸಿ. ರಿಪೇರಿಗೆ ಹೋಗಿದ್ದೆ. ಮನೆಯವರು ಇರಾಕಿನಿಂದ ಬಂದು ನೆಲೆಸಿದ ವಯಸ್ಸಾದ ದಂಪತಿ. ಅವರ ದೇಶದಲ್ಲಿ ವಿದೇಶಿ ಸೈನ್ಯ ಇನ್ನೂ ಇರಬೇಕೋ ಬೇಡವೋ ಎಂದು ಟಿ.ವಿ.ಯ ಇಂಗ್ಲಿಷ್ ವಾರ್ತೆಯಲ್ಲಿ ಚರ್ಚೆ ನಡೆದಿತ್ತು. ಸುಮ್ಮನಿರಲಾರದೆ, "ನೀವೇನಂತೀರಿ ಬಾಬಾ?" ಎಂದು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಮುದುಕರನ್ನು ಕೇಳಿದೆ.

"ಹೋಗಲಿ. ನನ್ನ ಬೀದಿಯಲ್ಲೇ ನನ್ನನ್ನು ನಿಲ್ಲಿಸಿ, ನೀನು ಯಾರು ಅಂತ ಕೇಳಿದವರು ಅವರು," ಎಂದರು.

ಚಹಾ ತಂದ ಅವರ ಹೆಂಡತಿ, "ಈಗಲೇ ಹೋದರೆ ಊರಲ್ಲಿರುವ ಮಗಳನ್ನು ಕಾಯೋರು ಯಾರು?" ಎಂದರು.

ದನಿ ಏರಲಿಲ್ಲ. ಆದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ಮುಜುಗರವಾಗಿ, "ಕೇಳಬಾರದಿತ್ತು, ಕ್ಷಮಿಸಿ," ಎಂದೆ.

"ಕೇಳಿದ್ದು ಒಳ್ಳೇದೇ ಆಯ್ತಪ್ಪ," ಎಂದರು ಆಕೆ, ಲೋಟ ಕೈಗೆ ಕೊಡುತ್ತಾ. "ಬರುವಾಗ ಅವರು ನಮ್ಮನ್ನು ಕೇಳಲಿಲ್ಲ. ಇರೋದೋ ಹೋಗೋದೋ, ಅದನ್ನಾದರೂ ನಮ್ಮ ಜನವೇ ಹೇಳಲಿ."

ಮುದುಕರು ತಲೆಯಾಡಿಸಿದರು. "ಹಾಗೆ ಕೇಳಿ ಇವಳ ಮಾತೇ ಗೆದ್ದರೂ ನಾನು ಒಪ್ತೇನೆ."

ಮರುಕ್ಷಣವೇ ಅರಬಿಯಲ್ಲಿ ಇಬ್ಬರ ವಾದ ಮತ್ತೆ ಶುರುವಾಯಿತು. ನನಗೆ ಅರ್ಥವಾಗದ್ದೇ ಒಳ್ಳೆಯದಾಯಿತು. ಅರ್ಥವಾಗಿದ್ದರೆ ನಾನೂ ನಡುವೆ ಬಾಯಿ ಹಾಕುತ್ತಿದ್ದೆ.