ಮಸ್ಕಿಯಲ್ಲೇ ಉಳಿದ ಟೇಬಲ್ಲು

ದುಬೈಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಸಿಂಧನೂರಿನ ನಮ್ಮ ಮನೆಗೆ ಬರುವಾಗ ನಿಮ್ಮ ಅವ್ವನಿಗೆಂದು ಕರೆಂಟಿನಿಂದ ಓಡುವ ಆಟದ ಕಾರು ತಂದಿದ್ದ. ನನ್ನ ಮಗಳು ಆಗ ಸಣ್ಣವಳು. ಕಪ್ಪು ಪಟ್ಟಿಗಳನ್ನು ಜೋಡಿಸಿದರೆ ದಾರಿಯಾಗುತ್ತಿತ್ತು. ದಾರಿಯಲ್ಲಿ ಎರಡು ಸೀಳು, ಒಂದೊಂದು ಸೀಳಿಗೆ ಒಂದು ಕಾರು. ಇಬ್ಬರು ಒಂದೊಂದು ಗುಂಡಿ ಹಿಡಿದು ಓಡಿಸಬೇಕು.

ನಿಮ್ಮ ಅಜ್ಜ ಅದನ್ನು ನೋಡಿದವರೇ, "ಇದನ್ನ ಅಣ್ಣನ ಮನಿಗೆ ಒಯ್ಯೋಣು" ಎಂದರು. ಅವರ ಅಣ್ಣ, ನಿಮ್ಮ ದೊಡ್ಡಜ್ಜ, ಮಸ್ಕಿಯಲ್ಲಿದ್ದರು. ಹೊಲ ಪಾಲಾದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಸುಮ್ಮನೆ ಹೋಗಿ ಮಾತಾಡಿಸಲು ಅಜ್ಜನಿಗೆ ಧೈರ್ಯವಿಲ್ಲ. ಒಂದು ಗುಂಡಿ ಅಣ್ಣನ ಕೈಗೆ ಕೊಟ್ಟರೆ ಆಟದ ನಡುವೆ ಏನಾದರೂ ಅನ್ನಲೇಬೇಕಾಗುತ್ತದೆ ಎಂದು ಅವರ ಯೋಚನೆ.

ಎರಡೂ ಮನೆಗಳದು ಪರಸಿಕಲ್ಲಿನ ಚಪ್ಪಡಿ ಹಾಸಿದ ನೆಲ, ಅದರ ಮೇಲೆ ಕಾರು ಸಂದಿಗೊಮ್ಮೆ ಎಡವುತ್ತಿತ್ತು. ಅಜ್ಜ ಬಡಿಗನಿಂದ ಭಾರೀ ಟೇಬಲ್ಲು ಮಾಡಿಸಿ, ಮಸ್ಕಿಗೆ ಸಾಗಿಸಲು ಬಸ್‌ಸ್ಟ್ಯಾಂಡಿಗೆ ಒಯ್ದರು. ಕಂಡಕ್ಟರು, "ಇದಕ್ಕ ಬ್ಯಾರೆ ಟ್ರ್ಯಾಕ್ಟರ್ ಮಾಡ್ರಿ ಸರ" ಎಂದ. ಟೇಬಲ್ಲು ವಾಪಸು ಬಂತು. ಈಗಲೂ ಅದರ ಮೇಲೆ ನೀರಿನ ಕೊಡಗಳಿವೆ.

ಆಗ ನಾನು, ಮಲಗುವ ಹೊರಸಿನಂತೆ ಹೆಣೆದರೆ ಹಗುರವಾದೀತು ಎಂದೆ. ಬಿದಿರಿನ ಚೌಕಟ್ಟಿಗೆ ನವಾರಿನ ನೂಲುಪಟ್ಟಿ ಬಿಗಿದು ಹೆಣೆಯುವುದು ನನಗೆ ತವರಿನಿಂದಲೇ ಗೊತ್ತಿತ್ತು. ಅಜ್ಜ ಕಚೇರಿ ಕೆಲಸಕ್ಕೆ ಲಿಂಗಸುಗೂರಿಗೆ ಹೋದಾಗ ತೆಳ್ಳನೆಯ ಪ್ಲೈವುಡ್ ತಂದರು. ಅದನ್ನು ಎರಡು ತುಂಡು ಮಾಡಿ ಹೆಣಿಗೆಯ ಮೇಲೆ ಕೂರಿಸಿದರು. ಗಿಡ್ಡ ಕಾಲುಗಳನ್ನು ಬೋಲ್ಟು ಬಿಚ್ಚಿ ತೆಗೆಯಬಹುದಿತ್ತು. ಒಬ್ಬರೇ ಎತ್ತಿ ಬಸ್ಸಿನ ಮೇಲೆ ಹಾಕುವಷ್ಟು ಹಗುರವಾಯಿತು. ಧೂಳು ತಾಗದಿರಲೆಂದು ಅದರ ಮೇಲೆ ಹಳೆ ಬಟ್ಟೆಯಿಂದ ಹೊಲಿದ ಕೌದಿ ಹೊದಿಸಿ ಕಟ್ಟಿದೆ.

ಮಸ್ಕಿಗೆ ಹೋದಾಗ ದೊಡ್ಡಜ್ಜ ಮನೆಯಲ್ಲಿರಲಿಲ್ಲ. ಅಂಗಳದಲ್ಲಿ ಕಾಲು ಜೋಡಿಸಿ ಟೇಬಲ್ಲು ನಿಲ್ಲಿಸಿ, ಕೌದಿ ತೆಗೆಯದೆ ಮುಖ ತೊಳೆಯಲು ಒಳಗೆ ಹೋದೆವು. ಅಷ್ಟರಲ್ಲಿ ಅವರು ಹೊಲದಿಂದ ಬಂದರು. ಅಂಗಳದಲ್ಲಿ ಕೌದಿ ಹಾಸಿದ ಹೊರಸು ಕಂಡರೆ ನಮ್ಮ ಕಡೆಯವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಕೂತರು.

ಲಟಕ್ಕೆಂದಿತು. ಅಜ್ಜ ಒದ್ದೆ ಮುಖದಲ್ಲೇ ಓಡಿದರು. ಗಂಡನ ಅಣ್ಣನೆದುರು ಬರುವ ರೂಢಿಯಿಲ್ಲದ ನಾನು ಬಾಗಿಲ ಸಂದಿಯಿಂದ ನೋಡಿದೆ. ಪ್ಲೈವುಡ್ ಮುರಿದು ದೊಡ್ಡಜ್ಜ ಹೆಣಿಗೆಯೊಳಗೆ ಇಳಿದಿದ್ದರು. ಮೊಣಕಾಲು ಗದ್ದಕ್ಕೆ ಬಂದಿತ್ತು. ತಮ್ಮನನ್ನು ನೋಡಿ ಮುಖ ತಿರುಗಿಸಿದರು. ತಾವೇ ಏಳಲು ನೋಡಿದರು. ಆಗಲಿಲ್ಲ.

"ನೋಡ್ಕೋತ ನಿಂತೀಯಲ್ಲಲೇ, ಕೈ ಕೊಡು."

ಅಜ್ಜ ಎಬ್ಬಿಸಿ ನಿಲ್ಲಿಸಿದರು.

"ಹೊರಸಿನ ಮ್ಯಾಲ ಹಲಗಿ ಯಾಕ ಹಾಕೀಯೋ?"

"ಅದು ಹೊರಸಲ್ಲಣ್ಣ, ಟೇಬಲ್ಲು."

"ಟೇಬಲ್ಲಿಗೆ ಕೌದಿ ಹೊಚ್ಚೀಯಲ್ಲ, ಥಂಡಿ ಹತ್ತಿತ್ತೇನು ಅದಕ್ಕ?" ಎಂದವರು ಕೌದಿ ಸರಿಸಿ ಕೆಳಗೆ ನೋಡಿದರು. "ನವಾರ ಯಾರು ಹೆಣೆದಾರ?"

"ಆಕಿ."

"ಅದಕ್ಕ ನೆಲಕ್ಕ ಬೀಳಲಿಲ್ಲ ನಾ. ಹಲಗಿ ನೀ ತಂದಿದ್ದಿರಬೇಕು."

ಅಜ್ಜ ಮುರಿಯದ ತುಂಡಿನ ಮೇಲೆ ಕಾರಿನ ಸಣ್ಣ ದಾರಿ ಜೋಡಿಸಿ, ಪಡಸಾಲೆಯಿಂದ ವೈರು ಎಳೆದು, ಒಂದು ಗುಂಡಿ ಅಣ್ಣನ ಕೈಗೆ ಕೊಟ್ಟರು. ದೊಡ್ಡಜ್ಜನ ಕಾರು ತಿರುವು ಬಂದಾಗಲೆಲ್ಲ ಹಾರಿ ಅಂಗಳಕ್ಕೆ ಬೀಳುತ್ತಿತ್ತು. ತಮ್ಮ ಮೋಸ ಮಾಡುತ್ತಿದ್ದಾನೆಂದು ಬಯ್ದರು. ಅಜ್ಜ ಬಯ್ಯಿಸಿಕೊಂಡು ಇನ್ನೊಂದಾಟ ಆಡಿದರು.

ಹೊರಡುವಾಗ ಅಜ್ಜ ಬೋಲ್ಟು ಬಿಚ್ಚಲು ಕೂತರು. ದೊಡ್ಡಜ್ಜ ತಡೆದರು.

"ಬಸ್ಸಿನ್ಯಾಗ ಇದನ್ಯಾಕ ಹೊತ್ಕೊಂಡು ತಿರಗತೀರಿ? ಇಲ್ಲೇ ಇರಲಿ. ಬಂದಾಗ ಆಡಾಕ ಬೇಕಲ್ಲ."

ಅಷ್ಟು ಹಗುರ ಮಾಡಿದ ಟೇಬಲ್ಲು ಆಮೇಲೆ ಎಲ್ಲಿಗೂ ಹೋಗಲಿಲ್ಲ. ನಾವೇ ಹೋಗಿ ಬರುತ್ತಿದ್ದೆವು.