ಅಕ್ಕನಿಗೂ ಜ್ವರ ಬರುತ್ತದೆ

ಹೋದ ಚಳಿಗಾಲದಲ್ಲಿ ನನ್ನ ಅಕ್ಕ ನಾಲ್ಕು ದಿನ ಜ್ವರ ಬಂದು ಮಲಗಿದ್ದಳು. ನಾನು ನೋಡಲು ಹೋಗಲಿಲ್ಲ. ಇಷ್ಟೇ ಆಗಿದ್ದರೆ ಬರೆಯುವ ಕಾರಣವಿರಲಿಲ್ಲ. ಅಕ್ಕನನ್ನು ನೋಡಲು ಹೋಗದ ತಮ್ಮಂದಿರು ಊರ ತುಂಬ ಇದ್ದಾರೆ. ನಾನು ಅವರಿಗಿಂತ ಒಂದು ಕೈ ಮೇಲು. ಆ ನಾಲ್ಕೂ ದಿನ ನಾನು ಆಕೆಯ ಮನೆಗೆ ರೋಗಿಗಳನ್ನು ಕಳಿಸಿದೆ.

ಅಕ್ಕ ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮುಧೋಳದ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟವನು. ಒಂದೇ ಒಲೆಯ ರೊಟ್ಟಿ ತಿಂದು ಬೆಳೆದ ಇಬ್ಬರಲ್ಲಿ ಒಬ್ಬಳು ಮನುಷ್ಯರ ಉಸಿರು ನೋಡುತ್ತಾಳೆ, ಇನ್ನೊಬ್ಬ ಟೈರಿನ ಗಾಳಿ ನೋಡುತ್ತಾನೆ. ಇಬ್ಬರಿಗೂ ಕೆಲಸ ಏರುವುದು ಚಳಿಗಾಲದಲ್ಲೇ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಸಾಲು ಹಿಡಿಯುತ್ತವೆ. ಅವುಗಳಲ್ಲಿ ದಿನಕ್ಕೆ ನಾಲ್ಕಾದರೂ ನನ್ನ ಅಂಗಡಿಯ ಮುಂದೆ ಕುಸಿದು ನಿಲ್ಲುತ್ತವೆ. ಗಿರಾಕಿ ಹೆಚ್ಚಾದಷ್ಟೂ ನನಗೆ ಹುರುಪು. ಅಕ್ಕನಿಗೂ ಹಾಗೆಯೇ ಇರಬೇಕು ಎಂದುಕೊಂಡಿದ್ದೆ. ಟೈರು ಕೆಮ್ಮುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ಆಕೆಯ ಚಳಿಗಾಲದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆಕೆ ರೊಟ್ಟಿ ಮುರಿಯುತ್ತ ಆಗೀಗ ಹೇಳಿದ್ದು. ಥಂಡಿಗೆ ಮುದುಕರ ನರಗಳು ಒಳಗೆ ಅಡಗಿಕೊಳ್ಳುತ್ತವಂತೆ. ಸೂಜಿ ಚುಚ್ಚುವ ಮೊದಲು ಅವರ ಕೈಯನ್ನು ತಿಕ್ಕಿ ತಿಕ್ಕಿ ಬಿಸಿ ಮಾಡಬೇಕು. ಹಾಗೆ ಬಿಸಿ ಮಾಡುವ ಆಕೆಯ ಕೈಯೇ ಮಂಜುಗಡ್ಡೆ, ಏಕೆಂದರೆ ಒಬ್ಬೊಬ್ಬ ರೋಗಿಯನ್ನು ಮುಟ್ಟಿದ ಮೇಲೂ ತಣ್ಣೀರಲ್ಲಿ ತೊಳೆಯಬೇಕು. ಎದೆ ಕಟ್ಟಿದ ಕೂಸುಗಳು, ಕೊಯ್ತಾದ ಅಲಗು ತಾಗಿಸಿಕೊಂಡ ಕಬ್ಬು ಕಡಿಯುವವರು, ಬೆಂಕಿ ಕಾಯಿಸಿಕೊಳ್ಳಲು ಹೋಗಿ ಸೀರೆಯ ಸೆರಗು ಸುಟ್ಟುಕೊಂಡ ಮುದುಕಿಯರು. ಇವರೆಲ್ಲರ ನಡುವೆ ಕಿಟಕಿಯ ಜಗಳ ಬೇರೆ. ಒಬ್ಬ ರೋಗಿಯ ಕಡೆಯವರು ಗಾಳಿ ಬೇಕೆಂದು ತೆಗೆಯುತ್ತಾರೆ, ಪಕ್ಕದ ಮಂಚದವರು ಥಂಡಿ ಎಂದು ಮುಚ್ಚುತ್ತಾರೆ, ಇಬ್ಬರೂ ಸೇರಿ ಅಕ್ಕನನ್ನು ಬೈಯುತ್ತಾರೆ. ಜೊತೆಯ ನರ್ಸುಗಳಲ್ಲಿ ಇಬ್ಬರು ಕೆಮ್ಮುತ್ತ ಮನೆ ಹಿಡಿದರೆ ಅವರ ಪಾಳಿಯೂ ಉಳಿದವರ ತಲೆಗೆ. ಇಷ್ಟೆಲ್ಲ ಕೇಳಿದ ಮೇಲೂ ನಾನು ಅಂದದ್ದು, "ಸರಕಾರಿ ಪಗಾರ ಐತಿ ಬಿಡು ಯಕ್ಕಾ."

ನನ್ನ ಅಂಗಡಿಯಲ್ಲಿ ಟ್ಯೂಬು ಒಣಗುವ ತನಕ ಜನ ಕುಳಿತು ಕೆಮ್ಮುತ್ತಾರೆ. ನಾನು ಸುಮ್ಮನಿರಬೇಕಲ್ಲ? "ನಮ್ಮ ಅಕ್ಕ ನರ್ಸ್ ಅದಾಳ್ರಿ. ಮನಿಗೇ ಹೋಗ್ರಿ. ನನ್ನ ಹೆಸರ ಹೇಳ್ರಿ, ಸಾಕು." ಓದುಗ ಮಹಾಶಯರೇ, ಸಣ್ಣ ಮನುಷ್ಯನಿಗೆ ಈ ಕೊನೆಯ ಮಾತು ಎಂಥ ಸುಖ ಕೊಡುತ್ತದೆ ಎಂದು ನಿಮಗೆ ಹೇಗೆ ಹೇಳಲಿ! ಪಂಚಾಯಿತಿಯಲ್ಲಿ ನನ್ನ ಹೆಸರು ಹೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಅಕ್ಕನ ಬಾಗಿಲಲ್ಲಿ ಹೇಳಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಆ ಬಾಗಿಲನ್ನು ನಾನು ವರ್ಷಗಟ್ಟಲೆ ತೆರೆಸಿದೆ. ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುವಾಗ ಕಟ್ಟೆಯ ಮೇಲೆ ಕುಳಿತ ನಾಲ್ಕು ಜನ ಏಳುತ್ತಿದ್ದರೆ ಆಕೆಗೆ ಹೇಗಾಗುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಎಲ್ಲರೂ ಕುಳಿತು ಉಣ್ಣುತ್ತೇವೆ. ಮುಂಜಾನೆ ಅಕ್ಕನಿಗೆ ಫೋನ್ ಹಚ್ಚಿದೆ.

"ಬರಾಕ ಆಗೂದಿಲ್ಲ ತಮ್ಮಾ. ಜ್ವರ ಬಂದಾವು. ರಜಾ ಹಾಕೇನಿ."

"ನರ್ಸಗೆಂಥಾ ಜ್ವರಬೇ!" ಎಂದು ನಕ್ಕು ಫೋನಿಟ್ಟೆ. ನನ್ನ ಸ್ವಂತ ಸೈಕಲ್ಲಿನ ಹಿಂದಿನ ಗಾಲಿ ಮೂರು ತಿಂಗಳಿಂದ ಗಾಳಿ ಇಲ್ಲದೆ ಗೋಡೆಗೆ ಒರಗಿದ್ದರೂ ನನಗೆ ಬುದ್ಧಿ ಬರಲಿಲ್ಲ. ಆಕೆಯ ಮಾತಿನಲ್ಲಿ ಜ್ವರವನ್ನು ಬಿಟ್ಟು ರಜೆಯನ್ನು ಮಾತ್ರ ಹಿಡಿದುಕೊಂಡೆ. ಹೊಲದಲ್ಲಿ ಕಡುಬು ತಿನ್ನುತ್ತ ಕೆಮ್ಮುವವರಿಗೆಲ್ಲ ಡಂಗುರ ಹೊಡೆದೆ: "ಅಕ್ಕಗ ರಜಾ ಐತ್ರಿ, ದಿನಾ ಮನ್ಯಾಗ ಸಿಗ್ತಾಳ, ಹೋಗ್ರಿ!"

ಐದನೆಯ ದಿನ ನೀಲವ್ವ ಕಾಕಿ ಅಂಗಡಿಗೆ ಬಂದಳು. ನಮ್ಮ ತಂದೆಯ ತಮ್ಮನ ಹೆಂಡತಿ. ಹೊಲದಿಂದ ನಾನು ಕಳಿಸಿದವರಲ್ಲಿ ಆಕೆಯೂ ಒಬ್ಬಳು.

"ಲೇ ಸಂಗ್ಯಾ, ನಿಮ್ಮಕ್ಕಗ ನನಕಿಂತಾ ಹೆಚ್ಚ ಕೆಮ್ಮ ಐತಲ್ಲೋ. ಗ್ವಾಡಿ ಹಿಡ್ಕೊಂಡು ಬಂದು ಬಾಗ್ಲಾ ತಗದ್ಳು. ನನಗ ಬಿಸಿನೀರ ಕುಡಿ ಅಂತ ಹೇಳಿ, ತಾನು ಅಲ್ಲೇ ಹೊಸ್ತಿಲದಾಗ ಕುಂತ ಬಿಟ್ಳು. ನಾನಽ ಚಾ ಮಾಡಿ ಕೊಟ್ಟು ಬಂದ್ನಿ. ನಿನ್ನ ಹೆಸರ ಹೇಳೂದಕ್ಕ ನನಗ ನಾಚಿಕಿ ಆತು."

ಆಗಲೂ ನಾನು ಹೋಗಲಿಲ್ಲ. ತಪ್ಪು ಮಾಡಿದವನು ಎರಡು ದಿನ ತಡ ಮಾಡಿದರೆ ತಪ್ಪು ಎರಡಾಗುತ್ತದೆ. ಎರಡಾದ ಮೇಲೆ ಹೋಗಲು ಇನ್ನೂ ಕಷ್ಟ. ಗಂಡಸರು ಅಕ್ಕನ ಮುಂದೆ ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿ ಇಲ್ಲ. ಅರ್ಧ ಚೀಲ ಜೋಳ ಕಳಿಸುತ್ತೇವೆ, ಒಂದು ಸೀರೆ ಉಡಿಸುತ್ತೇವೆ, ಅರ್ಥ ಮಾಡಿಕೊಳ್ಳುವ ಕೆಲಸವನ್ನೂ ಅವರಿಗೇ ಬಿಡುತ್ತೇವೆ. ನಾನೂ ಜೋಳ ಕಳಿಸಿದೆ. ಆಕೆ ತೆಗೆದುಕೊಂಡಳು. ಆದರೆ ಅಂದಿನಿಂದ ನಾನು ಫೋನ್ ಮಾಡಿದಾಗಲೆಲ್ಲ ಆಕೆಯ ಮೊದಲ ಮಾತು, "ಹೇಳು, ಯಾರಿಗೇನಾಗೇತಿ?" ಸಿಟ್ಟಿಲ್ಲ, ಕೊಂಕಿಲ್ಲ, ಬರೀ ದಣಿವು. ತಮ್ಮನೊಬ್ಬ ಇದ್ದಾನೆ ಎಂಬುದನ್ನು ಆಕೆ ಮರೆತೇಬಿಟ್ಟಂತಿತ್ತು.

ಈ ವರ್ಷ ಥಂಡಿ ಶುರುವಾದ ವಾರವೇ ಮಧ್ಯಾಹ್ನ ಅಂಗಡಿ ಮುಚ್ಚಿ ಜಮಖಂಡಿಯ ಬಸ್ಸು ಹತ್ತಿದೆ. ಅಕ್ಕ ಆಗಷ್ಟೇ ಪಾಳಿಯಿಂದ ಬಂದಿದ್ದಳು. ಬಾಗಿಲು ತೆರೆದವಳು ನನ್ನ ಮುಖ ನೋಡಲಿಲ್ಲ, ನನ್ನ ಬೆನ್ನ ಹಿಂದೆ ನೋಡಿದಳು.

"ಯಾರನ್ನ ಕರ್ಕೊಂಡ ಬಂದಿ?"

"ಯಾರನ್ನೂ ಇಲ್ಲ."

"ಮತ್ತ ನಿನಗೇನಾಗೇತಿ?"

"ಏನೂ ಆಗಿಲ್ಲ."

ಆಕೆ ನಂಬಲಿಲ್ಲ. ಆರಾಮಿದ್ದವನು ಆಕೆಯ ಬಾಗಿಲಿಗೆ ಬಂದು ಎಷ್ಟು ಕಾಲವಾಗಿತ್ತೋ! ಬಾಗಿಲಲ್ಲೇ ನನ್ನ ಹಣೆ ಮುಟ್ಟಿ ನೋಡಿದಳು. ಬಿರುಕು ಬಿಟ್ಟ ಕೈ ಹಣೆಗೆ ಒರಟಾಗಿ ತಾಗಿತು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹಾರಿಹೋದವು. ಆ ಕೈಯನ್ನು ಹಿಡಿದುಕೊಂಡು, ಉಳಿದಷ್ಟನ್ನೇ ಹೇಳಿದೆ:

"ಯಕ್ಕಾ, ನೀ ಜ್ವರದಾಗ ಬಿದ್ದಿದ್ದಿ, ನಾ ನಿನ್ನ ಬಾಗಲಕ್ಕ ಮಂದೀನ ಕಳಸಿದ್ನಿ. ನಾ ಬರಬೇಕಾಗಿತ್ತು, ಬರಲಿಲ್ಲ. ನಂದು ತಪ್ಪಾತು."