ಶಂಕರಮ್ಮ ಲಂಕೆಗೆ ಹೋಗಿ ಬಂದದ್ದು

ಗಂಡ ಅಷ್ಟು ಸಲೀಸಾಗಿ "ಆಗ್ಲಿ" ಅಂದದ್ದೇ ಶಂಕರಮ್ಮನ ಕಸಿವಿಸಿಗೆ ಮೂಲ.

ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಗಂಡ ರೇಣುಕಪ್ಪನ ಹಿಟ್ಟಿನ ಗಿರಣಿ. ಗಿರಣಿಗೆ ತಾಗಿಕೊಂಡೇ ಮನೆ. ಮದುವೆಯಾಗಿ ಬಂದ ದಿನದಿಂದ ಅವಳು ಕಂಡ ರೇಣುಕಪ್ಪ ಗಿರಣಿ ಬಿಟ್ಟು ಅಲುಗದ ಮನುಷ್ಯ. ನೆಂಟರ ಮನೆ ಮದುವೆಗೆ ಹೋದರೂ ಅಕ್ಷತೆ ಹಾಕಿ, ಊಟಕ್ಕೂ ನಿಲ್ಲದೆ ಸಿಕ್ಕಿದ ಬಸ್ಸು ಹತ್ತಿ ಬರುವವನು. ಕಿಗ್ಗದ ಸಿರಿಮನೆ ಜಲಪಾತ ನೋಡಿಕೊಂಡು ಬರೋಣ ಎಂದು ಅವಳು ಕೇಳಿದ್ದು ಮಗಳು ಹುಟ್ಟುವ ಮೊದಲು. ಕಿಗ್ಗದವರೆಗೆ ಹೋಗಿ ಬರಲು ಅವನಿಗೆ ಇವತ್ತಿನವರೆಗೂ ಬಿಡುವಾಗಿಲ್ಲ.

ಅಂಥವನನ್ನು ಮಗಳು ರಶ್ಮಿ ಗಿರಣಿಯ ಬಾಗಿಲಲ್ಲಿ ನಿಂತು, "ಅಪ್ಪಾಜಿ, ದಸರಾ ರಜೆಗೆ ಎಲ್ಲರೂ ಶ್ರೀಲಂಕಾಕ್ಕೆ ಹೋಗಾಣ?" ಎಂದು ಕೇಳಿದಳು. ರೇಣುಕಪ್ಪ ಹಿಟ್ಟು ಮೆತ್ತಿದ ರೆಪ್ಪೆ ಎತ್ತಿ ನಕ್ಕು, "ಆಗ್ಲಿ, ಆಗ್ಲಿ" ಅಂದುಬಿಟ್ಟ. ರಶ್ಮಿಯ ಗಂಡ ವೀರೇಶ್ ಕೊಪ್ಪದಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಮಾವ ಮನಸ್ಸು ಬದಲಿಸುವ ಮುಂಚೆ ಆಗಲಿ ಎಂದು ಮರುದಿನವೇ ಪಾಸ್‌ಪೋರ್ಟಿನ ಓಡಾಟ ಶುರು ಮಾಡಿದ.

ಶಂಕರಮ್ಮ ಯಾವುದನ್ನೂ ಹಾಗೇ ನಂಬುವವಳಲ್ಲ. ಹಾಲಿಗೆ ಬೆರಳದ್ದಿ ನೋಡದೆ ಒಲೆಗಿಡುವುದಿಲ್ಲ. ರಶ್ಮಿಯನ್ನು ನೋಡಲು ಬಂದ ಮೊದಲ ಸಂಬಂಧದವರು ಕಾಫಿ ಕುಡಿಯುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡ ರೀತಿಯಲ್ಲೇ ಏನೋ ಮುಚ್ಚಿಟ್ಟಿದ್ದಾರೆ ಎಂದು ಹಟ ಹಿಡಿದಿದ್ದಳು. ವಿಚಾರಿಸಿದರೆ ಹುಡುಗನಿಗೆ ಆಗಲೇ ಒಂದು ಮದುವೆಯಾಗಿತ್ತು. ಅಂದಿನಿಂದ ತನ್ನ ಅನುಮಾನದ ಮೇಲೆ ಅವಳಿಗೊಂದು ಭರವಸೆ.

ಮುತ್ತಿನಕೊಪ್ಪದಿಂದ ಅಕ್ಕಿ ಬೀಸಿಸಲು ಬಂದ ಕಮಲಕ್ಕ ವಿಷಯ ಕೇಳಿ ಜಗಲಿಯ ಮೇಲೆ ಕೂತೇಬಿಟ್ಟಳು.

"ನಂ ದೊಡ್ಡ ಭಾವನೂ ಹಿಂಗೇ ಮಾರಾಯ್ತಿ, ಇದ್ದಕ್ಕಿದ್ದಂಗೆ ಎಲ್ರನ್ನೂ ಕಾಶಿಗೆ ಕರ್ಕಂಡು ಹೋದ್ರು. ಬಂದು ತಿಂಗಳಾಗ್ಲಿಲ್ಲ, ಹೊಟ್ಟೇಲಿ ಗಡ್ಡೆ ಅಂತ ಗೊತ್ತಾತು. ಅವರಿಗೆ ಮೊದ್ಲೇ ಗೊತ್ತಿತ್ತಂತೆ. ಬಾಯಿ ಬಿಟ್ಟಿರ್ಲಿಲ್ಲ."

ಶಂಕರಮ್ಮನಿಗೆ ಹಿಂದಿನದೆಲ್ಲ ಒಂದೊಂದಾಗಿ ನೆನಪಾಯಿತು. ಈಚೆಗೆ ರೇಣುಕಪ್ಪ ಊಟಕ್ಕೆ ಕೂತರೆ ತುಟಿ ಬಿಚ್ಚುವುದಿಲ್ಲ. ಫೋನು ಬಂದರೆ "ನೀನೇ ಮಾತಾಡು" ಎಂದು ಅವಳ ಕೈಗೆ ತುರುಕುತ್ತಾನೆ. ಅವಳು ಕರೆದರೆ ಕಲ್ಲಿನ ಹಾಗೆ ಕೂತಿರುತ್ತಾನೆ, ಆದರೆ ವೀರೇಶ್ ಕರೆದರೆ ತಟ್ಟನೆ "ಏನ್ ವೀರೇಶ್?" ಅನ್ನುತ್ತಾನೆ. ಗಂಡಸರ ಮಾತಿಗಿರುವ ಬೆಲೆ ತನ್ನ ಮಾತಿಗಿಲ್ಲ ಎಂದು ಅವಳು ಒಳಗೊಳಗೇ ನೊಂದಿದ್ದಳು. ಈಗ ಅದಕ್ಕೆ ಬೇರೆಯೇ ಅರ್ಥ ಹುಟ್ಟಿತು. ಕಾಯಿಲೆಯೋ, ಗಿರಣಿ ಮಾರುವ ಹುನ್ನಾರವೋ, ಅಥವಾ ಬಾಯಲ್ಲಿ ಹೇಳಬಾರದ ಇನ್ನೊಂದೋ. ಏನೋ ಇದೆ. ಹೋಗಿಯೇ ನೋಡುತ್ತೇನೆ ಎಂದುಕೊಂಡು ಅವಳು ಚಟ್ನಿಪುಡಿ, ಹುರಿಹಿಟ್ಟು, ಉಪ್ಪಿನಕಾಯಿ ಕಟ್ಟಿದಳು.

ಕೊಲಂಬೊದಲ್ಲಿ ವಿಮಾನ ಇಳಿದಾಗ ಧಗೆ ಮುಖಕ್ಕೆ ಹೊಡೆಯಿತು. ಹೊರಗೆ ವ್ಯಾನಿನ ಡ್ರೈವರ್ ಕಾದಿದ್ದ. ಬಂಡಾರ ಎಂದು ಹೆಸರು ಹೇಳಿದ. ಶಂಕರಮ್ಮ ಮಗಳ ಕಿವಿಯಲ್ಲಿ, "ಹೆಸರೇ ಸರಿ ಇಲ್ಲ ನೋಡು" ಅಂದಳು. ತಮಿಳು, ಹಿಂದಿ, ಇಂಗ್ಲಿಷು ಮೂರನ್ನೂ ಕಲಸಿ ಗಡಸು ದನಿಯಲ್ಲಿ ಮಾತಾಡುವ ಆಳು. ರೇಣುಕಪ್ಪ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತು ದಾರಿಯುದ್ದಕ್ಕೂ ನಗುತ್ತಾ, ಕೈಸನ್ನೆ ಮಾಡುತ್ತಾ ಹರಟಿದ. ಹಿಂದೆ ಕೂತ ಶಂಕರಮ್ಮನಿಗೆ ಮೈ ಉರಿಯಿತು. ಹೆಂಡತಿಯ ಜೊತೆ ವರ್ಷಗಟ್ಟಲೆ ಆಡದ ಮಾತು ಗುರುತಿಲ್ಲದ ಡ್ರೈವರನ ಜೊತೆ ಹೇಗೆ ಉಕ್ಕುತ್ತದೆ?

ಮೊದಲ ಊಟದಲ್ಲಿ ಬಡಿಸಿದ ಕೆಂಪು ಕಾಯಿಚಟ್ನಿಯನ್ನು ಅವಳು ಮೂಸಿ ನೋಡಿ ತಟ್ಟೆ ದೂರ ತಳ್ಳಿದಳು. ವೀರೇಶ್ ನಕ್ಕ. "ಅತ್ತೆ, ಅದು ಬರೀ ತೆಂಗಿನಕಾಯಿ." ಬಂಡಾರನನ್ನು ಕೇಳಿದರೆ, ಒಣಮೀನಿನ ಪುಡಿ ಹಾಕುವುದು ಇಲ್ಲಿಯ ಪದ್ಧತಿ ಅಂದ. ವೀರೇಶನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ ಎಲ್ಲ ಊಟವನ್ನೂ ಶಂಕರಮ್ಮ ಮೂಸಿದ ಮೇಲೆಯೇ ಉಳಿದವರು ಮುಟ್ಟಿದ್ದು.

ಕ್ಯಾಂಡಿಯಲ್ಲಿ ಉಳಿದ ಮರುದಿನ ಬೆಳಿಗ್ಗೆ ರೇಣುಕಪ್ಪ ಯಾರಿಗೂ ಹೇಳದೆ ಹೋಟೆಲಿನಿಂದ ಹೊರಬಿದ್ದ. ಶಂಕರಮ್ಮ ಸೆರಗು ಬಿಗಿದು ಹಿಂದೆಯೇ ಹೊರಟಳು. ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ. ಕಣ್ಣೆಲ್ಲ ಗಂಡನ ಬಿಳಿ ಅಂಗಿಯ ಮೇಲೆ. ಅವನು ಒಂದು ಗಡಿಯಾರ ರಿಪೇರಿ ಅಂಗಡಿಗೆ ನುಗ್ಗಿದ. ಎದುರಿನ ಬಸ್‌ಸ್ಟಾಪಿನಲ್ಲಿ ನಿಂತು ಅವಳು ನೋಡಿದಳು. ಅಂಗಡಿಯವನು ಕೀಲಿ ಕೊಡುವ ಹಳೇ ಕೈಗಡಿಯಾರವೊಂದನ್ನು ಕೊಟ್ಟ. ರೇಣುಕಪ್ಪ ಅದನ್ನು ಎಡಕಿವಿಗೆ ಹಿಡಿದ, ಬಲಕಿವಿಗೆ ಹಿಡಿದ, ಮತ್ತೆ ಎಡಕ್ಕೆ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತ.

ಅವಳು ಬಂದ ದಾರಿಯಲ್ಲೇ ಬಿರಬಿರನೆ ನಡೆದು ಅವನಿಗಿಂತ ಮೊದಲೇ ಹೋಟೆಲು ಸೇರಿದಳು. ಅವನು ಬಂದಾಗ ಎದುರು ನಿಂತು ಕೇಳಿದಳು: "ಎಲ್ಲಿಗೆ ಹೋಗಿದ್ರಿ?"

"ಬಾಳೆಹಣ್ಣು ತರಾಕೆ." ಕೈಯಲ್ಲಿ ನಿಜವಾಗಿಯೂ ಒಂದು ಚಿಪ್ಪು ಬಾಳೆಹಣ್ಣಿತ್ತು.

ಸುಳ್ಳು! ಶಂಕರಮ್ಮ ಹಣ್ಣು ಸುಲಿಯುತ್ತಾ ರಶ್ಮಿಗೆ ಹೇಳಿದಳು: "ನಿಮ್ಮಪ್ಪ ಯಾರಿಗೋ ವಾಚು ಆರಿಸ್ತಿದ್ರು. ನಾನೇ ಕಣ್ಣಾರೆ ಕಂಡೆ."

"ಎಂತದಮ್ಮ, ಇಲ್ಲಿಗೆ ಬಂದ್ರೂ ಅದೇನಾ?" ಎಂದ ರಶ್ಮಿ ಆಮೇಲೆ ದನಿ ಇಳಿಸಿದಳು. "ಆದ್ರೆ ಅಪ್ಪಾಜಿಗೆ ನನ್ಮೇಲೆ ಏನೋ ಸಿಟ್ಟಿದೆ ಅಂತ ನಂಗೂ ಅನ್ನಿಸ್ತದೆ. ಸಿಂಚನಾ ಎಷ್ಟು ಕರೆದ್ರೂ ತಿರುಗಿ ನೋಡಲ್ಲ. ನಿನ್ನೆ ವ್ಯಾನಲ್ಲಿ ಆ ಕೂಸು ಕೇಳಿ ಕೇಳಿ ಅತ್ತುಬಿಡ್ತು." ಸಿಂಚನಾ ರಶ್ಮಿಯ ಮಗಳು, ಎರಡನೇ ಕ್ಲಾಸು. ಹಕ್ಕಿಯ ಹಾಗೆ ಕೀಚಲು ದನಿ.

ಕ್ಯಾಂಡಿಯಿಂದ ಬೆಟ್ಟದ ರೈಲು. ಟೀ ತೋಟಗಳ ನಡುವೆ ಬಳುಕುತ್ತಾ ಹೋಗುವ ನೀಲಿ ರೈಲಿನ ಬಾಗಿಲುಗಳನ್ನು ಯಾರೂ ಹಾಕಿರಲಿಲ್ಲ. ರೇಣುಕಪ್ಪ ಬಾಗಿಲ ಕಂಬಿ ಹಿಡಿದು ಹೊರಗೆ ವಾಲಿ ನಿಂತ. ಕೆಳಗೆ ಪ್ರಪಾತ. "ರೀ, ಒಳಗೆ ಬರ್ರಿ!" ಎಂದು ಶಂಕರಮ್ಮ ಕೂಗಿದಳು. ಅವನು ತಿರುಗಲಿಲ್ಲ. ಮತ್ತೆ ಕೂಗಿದಳು. ಸುರಂಗ ಬಂತು, ಎಲ್ಲ ಕತ್ತಲಾಯಿತು. ಕತ್ತಲಲ್ಲಿ ಅವಳಿಗೆ ಕಮಲಕ್ಕನ ಭಾವ ನೆನಪಾದ. ಜೀವದ ಮೇಲೆ ಆಸೆ ಇಲ್ಲದವನು ಮಾತ್ರ ಹೀಗೆ ನಿಲ್ಲುತ್ತಾನೆ. ಬೆಳಕು ಬಂದಾಗ ಅವನು ಅಲ್ಲೇ ಇದ್ದ, ಮುಖದ ತುಂಬ ಗಾಳಿ ತುಂಬಿಕೊಂಡು ನಗುತ್ತಿದ್ದ. ಕಣ್ಣಿಗೆ ಬಂದ ನೀರನ್ನು ಅವಳು ಯಾರೂ ನೋಡದಂತೆ ಒರೆಸಿಕೊಂಡಳು.

ಬೆಟ್ಟ ಇಳಿದು ಬಯಲಿಗೆ ಬಂದ ಮೇಲೆ ಮಳೆ ಹಿಡಿಯಿತು. ಒಂದು ಕಡೆ ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಬಂಡಾರ ವ್ಯಾನು ತಿರುಗಿಸಿ ಕಾಡಿನೊಳಗಿನ ಮಣ್ಣುರಸ್ತೆಗೆ ಇಳಿಸಿದ. ಫೋನಿನಲ್ಲಿ ಯಾರ ಜೊತೆಗೋ ತನ್ನ ಭಾಷೆಯಲ್ಲಿ ಪಿಸುಗುಟ್ಟಿದ. ಶಂಕರಮ್ಮ ಸಿಂಚನಾಳನ್ನು ಅಪ್ಪಿಕೊಂಡು, ತಿರುವುಗಳನ್ನೆಲ್ಲ ಮನಸ್ಸಿನಲ್ಲಿ ಗುರುತು ಹಾಕುತ್ತಾ ಕೂತಳು. ಕೊನೆಗೆ ಅವರು ತಲುಪಿದ್ದು ಸಮುದ್ರದಂತೆ ಹರಡಿದ್ದ ಒಂದು ಕೆರೆಯ ದಂಡೆಯ ಹಳ್ಳಿಗೆ. ಫೋನಿನಲ್ಲಿದ್ದವನು ಅಲ್ಲಿಯ ಮನೆಯೊಡೆಯ. ಬಂಡಾರ ಅವರಿಗಾಗಿ ಎರಡು ಕೋಣೆ ಕೇಳಿಟ್ಟಿದ್ದ. ಇಷ್ಟಾದರೂ ಶಂಕರಮ್ಮ ಕೋಣೆಯ ಚಿಲಕ ನಾಲ್ಕು ಸಲ ಎಳೆದು ನೋಡಿದಳು.

ಮರುದಿನ ಮಳೆ ನಿಂತು ಹೊಳವಾಯಿತು. ಮಧ್ಯಾಹ್ನ ತಾವರೆಗಳ ನಡುವೆ ದೋಣಿಯಲ್ಲಿ ಸುತ್ತಿ, ಆಚೆ ದಂಡೆಯಲ್ಲಿಳಿದು, ಕೆರೆ ಏರಿಯ ಮೇಲೆ ನಡೆದುಕೊಂಡು ವಾಪಸ್ಸು ಬರುವುದು ಎಂದಾಯಿತು. ರೇಣುಕಪ್ಪ ಎಂದಿನಂತೆ ಕೈ ಹಿಂದೆ ಕಟ್ಟಿಕೊಂಡು ಎಲ್ಲರಿಗಿಂತ ತುಂಬ ಮುಂದೆ ನಡೆದ. ಕೆರೆಯ ಮೇಲಿಂದ ಗಾಳಿ ಬೀಸುತ್ತಿತ್ತು.

ಜೊತೆಗೆ ಬರುತ್ತಿದ್ದ ಬಂಡಾರ ಇದ್ದಕ್ಕಿದ್ದಂತೆ ಎರಡೂ ಕೈ ಅಡ್ಡ ಚಾಚಿ ನಿಂತ. "ಅಲಿಯಾ!"

ಶಂಕರಮ್ಮ ತಿರುಗಿ ವೀರೇಶನ ಮುಖ ನೋಡಿದಳು. ಅಳಿಯನನ್ನು ಇವನು ಯಾಕೆ ಕರೆಯುತ್ತಾನೆ? "ಅಲಿಯಾ, ಅಲಿಯಾ" ಎಂದು ಬಂಡಾರ ಏರಿಯ ಕೆಳಗಿನ ಪೊದೆಗಳತ್ತ ಬೆರಳು ಮಾಡಿದ. ಪೊದೆ ಅಲುಗಿತು. ಕೊಂಬೆ ಮುರಿಯುವ ಚಟಚಟ ಸದ್ದು. ಬೂದುಬಣ್ಣದ ಬೆನ್ನೊಂದು ಕಂಡಿತು. ಅವನ ಭಾಷೆಯಲ್ಲಿ ಆನೆಗೆ ಅಲಿಯಾ ಅನ್ನುತ್ತಾರೆಂದು ಆಗ ಅವಳಿಗೆ ಹೊಳೆಯಿತು.

ರೇಣುಕಪ್ಪ ನೇರ ಆ ಪೊದೆಯ ಕಡೆಗೇ ನಡೆಯುತ್ತಿದ್ದ.

"ಅಪ್ಪಾಜೀ!" ಎಂದು ರಶ್ಮಿ ಚೀರಿದಳು. "ರೀ! ನಿಲ್ರಿ!" ಎಂದು ಶಂಕರಮ್ಮ ಗಂಟಲು ಹರಿಯುವಂತೆ ಕೂಗಿದಳು. ಗಿರಣಿಯ ಸದ್ದನ್ನೂ ಮೀರಿಸಿ ಪಳಗಿದ ಗಂಟಲು ಅದು. ಕೆರೆಯ ಕೊಕ್ಕರೆಗಳು ಹಾರಿದವು. ರೇಣುಕಪ್ಪ ಆ ಕೊಕ್ಕರೆಗಳನ್ನು ನೋಡುತ್ತಾ, ಅದೇ ನಿಧಾನದಲ್ಲಿ ಹೆಜ್ಜೆ ಹಾಕಿದ.

ಆ ಕ್ಷಣದಲ್ಲಿ ಶಂಕರಮ್ಮನಿಗೆ ಗೊತ್ತಾಯಿತು. ಗೊತ್ತಾದದ್ದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ಬಂಡಾರನ ತೋಳು ತಳ್ಳಿ, ಸೀರೆ ಎತ್ತಿ ಹಿಡಿದು ಓಡಿದಳು. ಹಿಂದಿನಿಂದ ಭುಜ ಹಿಡಿದಾಗ ಅವನು ಬೆಚ್ಚಿಬಿದ್ದು ತಿರುಗಿ, ಅವಳನ್ನು ಕಂಡು ನಕ್ಕ. ಏನೂ ಅರಿಯದ ನಗು. ಅವಳು ಅವನನ್ನು ಎಳೆದುಕೊಂಡು ಏರಿಯ ಕೆರೆ ಬದಿಯ ಇಳಿಜಾರಿನಲ್ಲಿ ಜಾರಿದಳು. ಇಬ್ಬರೂ ಮೊಣಕಾಲುದ್ದ ಕೆಸರು ನೀರಿನಲ್ಲಿ, ತಾವರೆ ಎಲೆಗಳ ನಡುವೆ ಬಿದ್ದರು. ಮೇಲೆ ಆನೆ ಏರಿಗೆ ಹತ್ತಿತು. ಕಿವಿ ಅಗಲಿಸಿ ಒಮ್ಮೆ ಇವರತ್ತ ನೋಡಿತು. ಶಂಕರಮ್ಮ ಗಂಡನ ಬಾಯಿಯ ಮೇಲೆ ಕೈಯಿಟ್ಟಳು. ಆನೆ ಸೊಂಡಿಲೆತ್ತಿ ಗಾಳಿ ಮೂಸಿ, ಬಂದ ದಾರಿಯಲ್ಲೇ ಪೊದೆಗೆ ಇಳಿದುಹೋಯಿತು.

ಸಂಜೆ ಮೈ ತೊಳೆದು ಜಗಲಿಯಲ್ಲಿ ಇಬ್ಬರೇ ಇದ್ದಾಗ, ಶಂಕರಮ್ಮ ಅವನ ಬೆನ್ನ ಹಿಂದೆ ನಿಂತು ಎಂದಿನ ದನಿಯಲ್ಲಿ, "ನಿಮಗೆ ಕಿವಿ ಕೇಳಲ್ವಾ?" ಎಂದಳು. ರೇಣುಕಪ್ಪ ಕೆರೆ ನೋಡುತ್ತಲೇ ಇದ್ದ. ಮುಂದೆ ಬಂದು, ಮುಖಕ್ಕೆ ಮುಖ ಕೊಟ್ಟು ಅದನ್ನೇ ಹೇಳಿದಳು. ಅವನ ಮುಖ ಕಳೆಗುಂದಿತು.

"ಗಂಡಸರ ಮಾತು ಅಷ್ಟಿಷ್ಟು ಸಿಕ್ತದೆ. ನಿನ್ನ ದನಿ, ರಶ್ಮಿ ದನಿ ಸಿಗಲ್ಲ. ಆ ಕೂಸಿಂದಂತೂ ಬರೀ ತುಟಿ ಆಡೋದು ಕಾಣ್ತದೆ." ಕಿವಿ ಮುಟ್ಟಿಕೊಂಡು ಸೇರಿಸಿದ: "ಕ್ಯಾಂಡೀಲಿ ವಾಚು ಹಿಡ್ದು ನೋಡ್ದೆ. ಎರಡೂ ಕಿವೀಲಿ ಏನಿಲ್ಲ."

"ಹೇಳ್ಬೋದಿತ್ತಲ್ಲ ಮಾರಾಯ್ರೆ!"

"ಹಳೇ ಗಿರಣಿ ವಾಸಪ್ಪನ ಹತ್ರ ನಾನು ಕೆಲಸ ಕಲ್ತಿದ್ದು ಗೊತ್ತಲ್ಲ ನಿಂಗೆ. ಅವನಿಗೂ ಹಿಂಗೇ ಆಗಿತ್ತು. ಕೆಪ್ಪ ವಾಸಪ್ಪ ಅಂತ ಎದುರಿಗೇ ನಿಂತು ಬೈತಿದ್ವಿ. ಅವನು ನಗ್ತಿದ್ದ. ನಾವೂ ನಗ್ತಿದ್ವಿ." ರೇಣುಕಪ್ಪ ಅಂಗೈ ಉಜ್ಜಿಕೊಂಡ. "ನನ್ನೆದುರಿಗೆ ಜನ ಹಂಗೆ ನಗೋದು ಬೇಡ ಅನ್ನಿಸ್ತು."

ಶಂಕರಮ್ಮನಿಗೆ ಸಿಟ್ಟೂ ಬಂತು, ಕಾಯಿಲೆಯಲ್ಲವಲ್ಲ ಎಂಬ ನಿರಾಳವೂ ಆಯಿತು. ಇಷ್ಟು ದಿನ ತನ್ನನ್ನು ಅಲಕ್ಷ್ಯ ಮಾಡುತ್ತಾನೆಂದು ಮುಖ ತಿರುಗಿಸಿ ಮಾತಾಡಿದ್ದು ನೆನಪಾಯಿತು. ಮುಖ ತಿರುಗಿಸಿದಷ್ಟೂ ಅವನಿಗೆ ಅವಳ ತುಟಿ ಕಾಣದಾಗಿತ್ತು.

"ಹಂಗಾದ್ರೆ ರಶ್ಮಿ ಲಂಕೆಗೆ ಹೋಗಾಣ ಅಂದಾಗ?"

ರೇಣುಕಪ್ಪ ನಾಚಿ ಕತ್ತು ತುರಿಸಿಕೊಂಡ. "ರಾಗಿಹಿಟ್ಟು ತಗಂಡು ಹೋಗ್ಲಾ ಅಂತ ಕೇಳ್ತಿದಾಳೆ ಅಂದ್ಕಂಡೆ. ಪಾಸ್‌ಪೋರ್ಟಿಗೆ ಫೋಟೋ ತೆಗಿಯೋಕೆ ಕೂರಿಸಿದಾಗ್ಲೇ ಗೊತ್ತಾಗಿದ್ದು. ಆಗ ಬೇಡ ಅನ್ನಾಕಾಗುತ್ತಾ?"

ಶಂಕರಮ್ಮ ನಕ್ಕಳು. ನಗು ತಡೆಯಲಾರದೆ ಕಂಬ ಹಿಡಿದು ಕೂತುಬಿಟ್ಟಳು. ರಶ್ಮಿ, ವೀರೇಶ್ ಏನಾಯಿತೆಂದು ಓಡಿಬಂದರು. ಹೇಳಲೋ ಬೇಡವೋ ಎಂದು ಅವಳು ಗಂಡನ ಮುಖ ನೋಡಿದಳು. ಅವನೇ ಹೇಳಿದ. ರಶ್ಮಿ ಮೊದಲು ಅತ್ತಳು, ಆಮೇಲೆ ಅಪ್ಪನ ಎದುರಿಗೆ ಬಂದು ಕೂತಳು. ಸಿಂಚನಾ ಮಾತ್ರ ಅಳಲಿಲ್ಲ, ನಗಲಿಲ್ಲ. ಅಜ್ಜನ ಗಲ್ಲ ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಮಾತು ಬಿಡಿಸಿ, ಆನೆಯ ಕಣ್ಣು ಯಾವ ಬಣ್ಣ ಇತ್ತು ಎಂದು ಕೇಳಿದಳು.

ಊರಿಗೆ ಬಂದ ಮೇಲೆ ಶಿವಮೊಗ್ಗದ ಕಿವಿ ಡಾಕ್ಟರ ಹತ್ತಿರ ಹೋದರು. ಶಂಕರಮ್ಮ ಡಾಕ್ಟರನ್ನೂ ನಂಬಲಿಲ್ಲ. ಇನ್ನೊಬ್ಬ ಡಾಕ್ಟರು ಅದೇ ಮಾತು ಹೇಳಿದ ಮೇಲೆ ಒಪ್ಪಿದಳು. ಕಿವಿಗೆ ಮಿಷನ್ ಬಂತು. ಮೊದಲ ವಾರ ರೇಣುಕಪ್ಪನಿಗೆ ಒಗ್ಗರಣೆ ಸಿಡಿಯುವ ಸದ್ದೂ ಗಲಾಟೆಯೇ. ಹಿಟ್ಟು ಬೀಸುವಾಗ ಮಿಷನ್ ತೆಗೆದು ಜೇಬಿಗೆ ಹಾಕಿ, ಬದಲಿಗೆ ಸದ್ದು ತಡೆಯುವ ದಪ್ಪ ಕಿವಿಮುಚ್ಚಳ ಹಾಕಬೇಕೆಂದು ಡಾಕ್ಟರು ಹೇಳಿದ್ದರು. ಜನ ಒಂದೆರಡು ದಿನ ನೋಡಿದರು, ಕೇಳಿದರು. ಶಂಕರಮ್ಮನೇ ಬಾಗಿಲಲ್ಲಿ ನಿಂತು, "ಹೌದು, ಕಿವಿ ಕಮ್ಮಿ ಆಗಿದೆ. ಎದುರಿಗೆ ಬಂದು ಮಾತಾಡಿ" ಎಂದು ಎಲ್ಲರಿಗೂ ಹೇಳಿದಳು. ಯಾರೂ ನಗಲಿಲ್ಲ. ನಕ್ಕವರಿದ್ದರೆ ಅವಳ ಕಣ್ಣಿಗೆ ಬೀಳದ ಹಾಗೆ ನಕ್ಕಿರಬೇಕು.

ಕ್ರಿಸ್‌ಮಸ್ ರಜೆಗೆ ಸಿಂಚನಾ ಬಂದಳು. ಕಡಹಿನಬೈಲಿನವರೊಬ್ಬರು ಗೋಧಿ ತಂದು ಕಾಯುತ್ತಿದ್ದರು, ಗಿರಣಿ ಓಡುತ್ತಿತ್ತು. ಸಿಂಚನಾ ಒಳಗೆ ಬಂದು ಅಜ್ಜನ ಅಂಗಿ ಜಗ್ಗಿ ಏನೋ ಹೇಳತೊಡಗಿದಳು. ರೇಣುಕಪ್ಪ ಅವಳ ತುಟಿಯನ್ನೇ ನೋಡಿದ. ಆಮೇಲೆ ಕೈ ಚಾಚಿ ಸ್ವಿಚ್ಚು ಆರಿಸಿದ. ಬೆಲ್ಟು ನಿಧಾನವಾಗಿ ನಿಂತಿತು. ಕಿವಿಮುಚ್ಚಳ ಕಳಚಿ, ಜೇಬಿನಿಂದ ಮಿಷನ್ ತೆಗೆದು ಕಿವಿಗಿಟ್ಟುಕೊಂಡು, ಹಿಟ್ಟಿನ ಡಬ್ಬದ ಮೇಲೆ ಕೂತು, "ಈಗ ಮೊದ್ಲಿಂದ ಹೇಳು" ಅಂದ.

"ಕರೆಂಟ್ ಹೋತಾ?" ಎಂದು ಗೋಧಿಯವರು ಹೊರಗಿನಿಂದ ಕೇಳಿದರು.

"ಇಲ್ಲ," ಅಂದಳು ಶಂಕರಮ್ಮ. "ಕೂತ್ಕಳಿ, ಕಾಫಿ ತರ್ತೀನಿ. ಹೊತ್ತಾಗ್ತದೆ."